ಎರಡನೇ ಒದೆ

ಹೊಳೆಪ್ಪನಿಗೂ ಕುರ್ಚಿಗೂ ಆಗಿಬರುವುದಿಲ್ಲ. ಕ್ಯಾಮೆರಾದ ಸೋಮು ಶೂಟಿಂಗಿನ ಮೊದಲ ದಿನವೇ ಬೆನ್ನಿಗೆ ‘ನಿರ್ದೇಶಕ’ ಎಂದು ಬರೆಸಿದ ಮಡಚುವ ಕುರ್ಚಿಯೊಂದನ್ನು ಪಣಜಿಯಿಂದ ತಂದಿದ್ದ. ಈ ಹತ್ತೊಂಬತ್ತು ದಿನಗಳಲ್ಲಿ ಅದರ ಮೇಲೆ ಕೂತದ್ದು ಒಂದು ಬೆಕ್ಕು, ಇಬ್ಬರು ಲೈಟಿನವರು ಮತ್ತು ಚಹಾದ ಕಿಟ್ಲಿ. ನಿರ್ದೇಶಕರು ಮಾತ್ರ ಒಂದು ದಿನವೂ ಕೂತಿರಲಿಲ್ಲ. ಐವತ್ನಾಲ್ಕರ ಆ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಬಾಗಿಲಿನಿಂದ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಸ್ಟೇಜಿಗೆ, ಸ್ಟೇಜಿನಿಂದ ಮತ್ತೆ ಬಾಗಿಲಿಗೆ ತಿರುಗುತ್ತಲೇ ಇರುತ್ತಿದ್ದ. ಒಂದು ಕಡೆ ನಿಂತರೂ ಹಿಮ್ಮಡಿ ನೆಲ ಬಡಿಯುತ್ತಿತ್ತು. ನೋಡುವವರಿಗೇ ಸುಸ್ತು.

ಇವತ್ತು ಭಾನುವಾರ, ಶೂಟಿಂಗಿನ ಕೊನೆಯ ದಿನ. ಗೋವಾದ ಕೊರ್ಲಿಮ್ ಕಾರ್ಖಾನೆಗಳ ಹಿಂದಿನ ಈ ಸಮುದಾಯ ಭವನದ ಹಾಲು ಸಂಜೆ ಐದರವರೆಗೆ ಮಾತ್ರ ಇವರದು. ಐದಕ್ಕೆ ನಂಬರು ಕೂಗಿ ಆಡುವ ಹೌಸಿ ಆಟವಿದೆ, ಒಂದು ನಿಮಿಷವೂ ಹೆಚ್ಚು ಕೊಡುವುದಿಲ್ಲ ಎಂದು ಕೀಲಿಕೈ ಇಟ್ಟುಕೊಂಡ ಮುದುಕ ಕೊಂಕಣಿಯಲ್ಲಿ ಮೂರು ಸಲ, ಹಿಂದಿಯಲ್ಲಿ ಎರಡು ಸಲ ಹೇಳಿ ಹೋಗಿದ್ದ. ಬಾಕಿ ಇದ್ದದ್ದು ಒಂದೇ ಸೀನು. ಆದರೆ ಆ ಒಂದು ಸೀನಿಗಾಗಿಯೇ ಹೊಳೆಪ್ಪ ಈ ಸಿನಿಮಾಕ್ಕೆ ಕೈಹಾಕಿದ್ದ. ಅದು ಸರಿಬರದಿದ್ದರೆ ಮಿಕ್ಕ ಹದಿನೆಂಟು ದಿನಗಳ ದುಡಿಮೆಯೆಲ್ಲ ಇದ್ದೂ ಇಲ್ಲದಂತೆ.

ಯಾಕೆ ಎನ್ನುವುದನ್ನು ಹೇಳಬೇಕಾದರೆ ಮೂವತ್ತೊಂದು ವರ್ಷ ಹಿಂದಕ್ಕೆ ಹೋಗಬೇಕು.

ಹೊಳೆಪ್ಪನ ಅಪ್ಪ, ಅವ್ವ ವಿಜಾಪುರದ ಇಂಡಿ ಕಡೆಯವರು. ವಾಸ್ಕೋಕ್ಕೆ ಬಂದು ಬಂದರಿನಲ್ಲಿ ಬೆನ್ನು ಬಾಗಿಸಿ ದುಡಿದವರು. ಹೊಳೆಪ್ಪ ಹುಟ್ಟಿದ್ದು ಅಲ್ಲಿಯ ತಗಡಿನ ಶೆಡ್ಡಿನಲ್ಲಿ. ಹದಿನೇಳನೇ ವಯಸ್ಸಿಗೆ ನಾಟಕದ ಹುಚ್ಚು ಹತ್ತಿಸಿಕೊಂಡು ಬೆಳಗಾವಿಯಲ್ಲಿ ಟೆಂಟು ಹಾಕಿದ್ದ ಕಂಪನಿಯೊಂದನ್ನು ಸೇರಿದ. ಮೀಸೆ ಹಚ್ಚಿಕೊಂಡು ಸ್ಟೇಜಿಗೆ ನುಗ್ಗುವ ಆಸೆಯಿಂದ ಹೋದವನಿಗೆ ಸಿಕ್ಕಿದ್ದು ಪ್ರಾಂಪ್ಟರನ ಕೆಲಸ. ಸೈಡ್‌ವಿಂಗಿನ ಮರೆಯಲ್ಲಿ ಬರೆದ ನಾಟಕ ಹಿಡಿದು ಕೂಡುವುದು, ಯಾರಾದರೂ ಮಾತು ಮರೆತರೆ ಮಂದಿಗೆ ಕೇಳದ ಹಾಗೆ ಪಿಸುದನಿಯಲ್ಲಿ ಎತ್ತಿಕೊಡುವುದು. ಮೂರು ವರ್ಷ ಇದೇ ಆಯಿತು. ರಾಜನ ಮಾತು, ರಾಣಿಯ ಮಾತು, ಕುಡುಕನ ಮಾತು, ಪೊಲೀಸನ ಮಾತು, ಎಲ್ಲವೂ ಬಾಯಿಗೆ ಬಂದವು. ಆಮೇಲೆ ಖಳನಾಯಕನ ಪಾತ್ರ ಮಾಡುವವನಿಗೆ ಕಾಮಾಲೆಯಾಗಿ, ಪಾಪ, ಅವನು ಊರು ಸೇರಿದ. ಹೊಳೆಪ್ಪ ಮೀಸೆ ಹಚ್ಚಿಕೊಂಡ.

ಆ ನಾಟಕದಲ್ಲಿ ಕುಡುಕ ಮಗ ಹೆತ್ತ ತಾಯಿಯನ್ನು ಒದೆಯುತ್ತಾನೆ. ಒದೆಯುವುದಕ್ಕೆ ಒಂದು ಹಿಕಮತ್ತಿದೆ. ಬಲಗಾಲು ಆಕೆಯ ಪಕ್ಕೆಗೆ ಬೆರಳಗಲ ದೂರದಲ್ಲಿ ನಿಲ್ಲಬೇಕು, ಅದೇ ಗಳಿಗೆಗೆ ಎಡಗಾಲಿನ ಹಿಮ್ಮಡಿ ಹಲಗೆಗೆ ಧಡ್ ಎಂದು ಬಡಿಯಬೇಕು. ನೋಡುವವರಿಗೆ ಎಲುಬು ಮುರಿದಂತೆ ಕೇಳುತ್ತದೆ, ಆಕೆಗೆ ಗಾಳಿಯೂ ತಾಗಿರುವುದಿಲ್ಲ. ಹೊಳೆಪ್ಪ ಅದನ್ನು ಕರಗತ ಮಾಡಿಕೊಂಡ.

ಅವನಿಗೆ ಇಪ್ಪತ್ತಮೂರು ಆದಾಗ ಕಂಪನಿ ವಾಸ್ಕೋಕ್ಕೇ ಬಂತು. ಅವ್ವ ಮೊದಲ ಸಲ ಮಗನ ನಾಟಕ ನೋಡಲು ಬಂದಳು. ಮುಂದಿನ ಚಾಪೆಯಲ್ಲಿ ಕೂತಳು. ಮಗ ಬಂದ, ಕುಡಿದಂತೆ ತೂರಾಡಿದ, ಕಾಲೆತ್ತಿ ತಾಯಿಯನ್ನು ಒದ್ದ. ಅವ್ವನಿಗೆ ಹಿಕಮತ್ತು ಎಲ್ಲಿ ಗೊತ್ತು? ಎದ್ದು ನಿಂತು ಕೂಗಿದಳು.

“ಏ ಹೊಳ್ಯಾ! ಬಿಡೋ ಆಕಿನ್ನ! ತಾಯಿ ಅದಾಳೋ ಆಕಿ!”

ಇದೂ ನಾಟಕದ್ದೇ ಒಂದು ತಮಾಷೆ ಎಂದುಕೊಂಡು ಮಂದಿ ಬಿದ್ದು ಬಿದ್ದು ನಕ್ಕರು. ಸಿಳ್ಳೆ, ಚಪ್ಪಾಳೆ. ಆಮೇಲೆ ಇಡೀ ಟೆಂಟು “ಒನ್ಸ್ ಮೋರ್! ಒನ್ಸ್ ಮೋರ್!” ಎಂದು ಕೂಗತೊಡಗಿತು. ಕಂಪನಿ ನಾಟಕದಲ್ಲಿ ಮಂದಿ ಒನ್ಸ್ ಮೋರ್ ಅಂದರೆ ಮುಗಿಯಿತು. ಹಾಡಾದರೆ ಇನ್ನೊಮ್ಮೆ ಹಾಡಬೇಕು. ಸತ್ತವನಿಗೆ ಒನ್ಸ್ ಮೋರ್ ಬಿದ್ದರೆ ಅವನು ಎದ್ದು, ಧೂಳು ಕೊಡವಿಕೊಂಡು, ಮತ್ತೆ ಸಾಯಬೇಕು. ಹೊಳೆಪ್ಪ ವಿಂಗಿನ ಕಡೆ ನೋಡಿದ. ಅಲ್ಲಿ ನಿಂತಿದ್ದ ಮ್ಯಾನೇಜರ್ ಗೋಪಪ್ಪ ‘ಒದಿ’ ಅಂದ. ಹೊಳೆಪ್ಪ ಎರಡನೇ ಸಲ ಒದ್ದ. ಅವ್ವ ಅಷ್ಟರಲ್ಲಿ ಎದ್ದು ಹೊರಗೆ ಹೋಗಿದ್ದಳು.

ಮೂವತ್ತೊಂದು ವರ್ಷಗಳಿಂದ ಹೊಳೆಪ್ಪ ಈ ಕಥೆಯನ್ನು ಹೀಗೇ ಹೇಳಿಕೊಂಡು ಬಂದಿದ್ದಾನೆ. ಹೆಂಡತಿಗೆ ಹೇಳಿದ್ದಾನೆ, ಪತ್ರಿಕೆಯವರಿಗೆ ಹೇಳಿದ್ದಾನೆ, ಕನ್ನಡಿಗೂ ಹೇಳಿಕೊಂಡಿದ್ದಾನೆ.

ಆ ಎರಡು ಒದೆಗಳ ಸುದ್ದಿ ಕಂಪನಿಯಿಂದ ಕಂಪನಿಗೆ ಹಬ್ಬಿತು. ‘ಒದಿಯೋ ಹೊಳೆಪ್ಪ’ ಎಂದೇ ಹೆಸರಾಯಿತು. ಬೆಂಗಳೂರಿನ ಸಿನಿಮಾದವರು ಕರೆದರು. ಎಪ್ಪತ್ತಕ್ಕೂ ಮೇಲೆ ಸಿನಿಮಾ, ಎಲ್ಲದರಲ್ಲೂ ಒಂದು ಒದೆ. ಊಟದ ತಟ್ಟೆ ಒದ್ದ, ತುಳಸಿಕಟ್ಟೆ ಒದ್ದ, ಬಾಗಿಲು ಒದ್ದ, ನಾಯಕನ ಮುದಿ ತಂದೆಯನ್ನಂತೂ ಎಷ್ಟು ಸಲ ಒದ್ದನೋ ಅವನಿಗೇ ನೆನಪಿಲ್ಲ. ಆಮೇಲೆ ಹನ್ನೊಂದು ವರ್ಷ ಟಿವಿ ಧಾರಾವಾಹಿಯ ಕ್ರೂರ ಮಾವ. ವಾಸ್ಕೋದ ಮನೆಯಲ್ಲಿ ಅವ್ವ ಟಿವಿ ಮುಂದೆ ಕೂತಿರುತ್ತಿದ್ದಳು. ತೆರೆಯ ಮೇಲೆ ಮಗ ಕಾಲೆತ್ತುವ ಹೊತ್ತಿಗೆ ಸರಿಯಾಗಿ ಎದ್ದು ಒಳಗೆ ಹೋಗುತ್ತಿದ್ದಳು. ಏನೂ ಅನ್ನುತ್ತಿರಲಿಲ್ಲ. ಆ ರಾತ್ರಿಯ ಮಾತನ್ನಂತೂ ಸಾಯುವವರೆಗೂ ಎತ್ತಲಿಲ್ಲ. ಒಮ್ಮೆ ಬೈದಿದ್ದರೆ ಇವನಿಗೆ ಎಷ್ಟು ಹಗುರವಾಗುತ್ತಿತ್ತು! ಆಕೆ ಹೋದ ಮೇಲೆ ಇವನಿಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಣ್ಣ ಹಚ್ಚುವುದನ್ನು ಬಿಟ್ಟು ಗೋವಾಕ್ಕೆ ಬಂದು, ಆ ರಾತ್ರಿಯ ಮೇಲೆ ನಾನೇ ಒಂದು ಸಿನಿಮಾ ಮಾಡುತ್ತೇನೆ ಎಂದ.

ನಟರೆಲ್ಲ ಇಲ್ಲಿಯವರೇ. ಹರೆಯದ ಹೊಳೆಪ್ಪನಾಗಿ ವಾಳಪೈ ಕಡೆ ವೆಲ್ಡಿಂಗ್ ಮಾಡುವ ಮುತ್ತು. ನಾಟಕದೊಳಗಿನ ತಾಯಿಯಾಗಿ ಪಣಜಿಯ ಆಫೀಸೊಂದರಲ್ಲಿ ಕೆಲಸ ಮಾಡುವ ಧಾರವಾಡದ ಜಯಶ್ರೀ. ಮ್ಯಾನೇಜರ್ ಗೋಪಪ್ಪನಾಗಿ ಕಾರ್ಖಾನೆಯ ಗೇಟು ಕಾಯುವ ನಾನಪ್ಪ. ಅವ್ವನ ಪಾತ್ರಕ್ಕೆ ಸತ್ಯವ್ವ. ಅವಳು ಕೊರ್ಲಿಮ್‌ನಲ್ಲೇ ಔಷಧಿ ಡಬ್ಬಿ ಕಟ್ಟುವ ಕೆಲಸದವಳು. ಕಂತ್ರಾಟುದಾರನೊಬ್ಬನಿಗೆ ನಡುರಸ್ತೆಯಲ್ಲಿ ನೀರಿಳಿಸುತ್ತಿದ್ದಾಗ ಹೊಳೆಪ್ಪ ಅವಳನ್ನು ಕಂಡಿದ್ದ. ವಯಸ್ಸು ನಲವತ್ತಾರು, ಅಂದು ಅವ್ವನಿಗೂ ಅಷ್ಟೇ ಆಗಿತ್ತು. ತನ್ನ ತಾಯಿಯಾಗಿ ನಿಂತವಳು ತನಗಿಂತ ಎಂಟು ವರ್ಷ ಚಿಕ್ಕವಳು ಎನ್ನುವುದು ಹೊಳೆಪ್ಪನಿಗೆ ಆಮೇಲೆ ಹೊಳೆದಿತ್ತು. ಅವ್ವ ಅಷ್ಟು ಸಣ್ಣವಳಾಗಿದ್ದಳೇ?

ಕಷ್ಟವಿದ್ದದ್ದು ನಟರಿಂದಲ್ಲ, ನಿರ್ದೇಶಕನ ಬಾಯಿಂದ. ಮೂರು ವರ್ಷ ಪ್ರಾಂಪ್ಟ್ ಮಾಡಿದ ತುಟಿ ಸುಮ್ಮನಿರುತ್ತದೆಯೇ? ಕ್ಯಾಮೆರಾ ಓಡತೊಡಗಿದರೆ ಎಲ್ಲರ ಮಾತನ್ನೂ ಹೊಳೆಪ್ಪ ಪಿಸುಗುಡುತ್ತಿದ್ದ. ಈ ಸಿನಿಮಾದಲ್ಲಿ ಆಮೇಲೆ ಡಬ್ಬಿಂಗ್ ಇಲ್ಲ, ಆಡಿದ ಮಾತನ್ನು ಅಲ್ಲಲ್ಲೇ ಹಿಡಿಯುವುದು. ಅದನ್ನು ನೋಡಿಕೊಳ್ಳುವವಳು ಬೆಳಗಾವಿಯ ಹುಡುಗಿ ಶ್ವೇತಾ. ಇರುವೆ ನಡೆದರೂ ಅವಳ ಹೆಡ್‌ಫೋನಿಗೆ ಕೇಳುತ್ತದೆ. ಎರಡನೇ ದಿನವೇ ಅವಳು ಕೈಮುಗಿದಿದ್ದಳು.

“ಸರ್, ನಿಮ್ಮ ಧ್ವನಿ ಬರಲಿಕತ್ತದ್ರಿ. ಮುತ್ತೂನ ಮಾತಿನ ಹಿಂದ ನೀವು, ಜಯಶ್ರೀ ಅವರ ಮಾತಿನ ಹಿಂದ ನೀವು. ಎಲ್ಲಾ ಕಡೆ ನೀವ ಅದೀರಿ.”

ಹೊಳೆಪ್ಪ ಬಾಯಲ್ಲಿ ಏಲಕ್ಕಿ ಇಟ್ಟುಕೊಂಡ. ಏಲಕ್ಕಿ ಕಡಿಯುವ ಸದ್ದು ಬಂತು. ಟವೆಲ್ಲು ಕಚ್ಚಿಕೊಂಡ. ಅಂತೂ ಇಂತೂ ಹತ್ತನೇ ದಿನದ ಹೊತ್ತಿಗೆ ಬಾಯಿ ಹತೋಟಿಗೆ ಬಂತು ಎಂದು ಎಲ್ಲರೂ ನಿಟ್ಟುಸಿರುಬಿಟ್ಟರು. ಇವತ್ತು ನೋಡಿದರೆ ಮತ್ತೆ ಅದೇ ಹಾಡು.

ಬೆಳಗಿನಿಂದ ಐದು ಟೇಕು ಆಗಿತ್ತು. ಹಾಲಿನ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ, ಒಳಗೆ ಬೆವರು. ಚಾಪೆಯ ಮೇಲೆ ನಲವತ್ತು ಜನ, ಎಲ್ಲ ರಜೆಯ ದಿನ ಸಿಕ್ಕ ಕೆಲಸಗಾರರು, ಭಾಜಿ-ಪಾವ್ ತಿಂದು ಹುರುಪಿನಲ್ಲಿದ್ದರು. ಸತ್ಯವ್ವ ಎದ್ದು ಕೂಗುತ್ತಾಳೆ, ಜನ ನಗುತ್ತಾರೆ, ಅವಳು ತಲೆ ತಗ್ಗಿಸಿ ಹೊರಗೆ ನಡೆಯುತ್ತಾಳೆ, ಒನ್ಸ್ ಮೋರ್ ಶುರುವಾಗುತ್ತದೆ, ಮುತ್ತು ವಿಂಗಿನ ಕಡೆ ನೋಡುತ್ತಾನೆ, ನಾನಪ್ಪ ‘ಹ್ಞೂಂ, ಒದಿ’ ಅನ್ನುತ್ತಾನೆ, ಮುತ್ತು ಒದೆಯುತ್ತಾನೆ. ಎಲ್ಲ ಬರೆದ ಹಾಗೇ ನಡೆಯಿತು. ಐದೂ ಸಲ ಶ್ವೇತಾ ತಲೆಯಾಡಿಸಿದಳು.

“ಏನಾತೀಗ?” ಎಂದು ಹೊಳೆಪ್ಪ ಸಿಡುಕಿದ. “ನಾ ಬಾಯಿ ಬಿಟ್ಟೇ ಇಲ್ಲ.”

“ಉಳಿದ ಕಡೆ ಬಿಟ್ಟಿಲ್ರಿ ಸರ್. ಒಂದ ಕಡೆ ಮಾತ್ರ ಬರತದ. ಎರಡನೇ ಒದಿಗೆ ಸ್ವಲ್ಪ ಮೊದಲ.”

“ಅದು ನಾನಪ್ಪಂದು.”

“ನಾನಪ್ಪಾರದು ಬ್ಯಾರೆ ಕೇಳಸ್ತದ್ರಿ. ಅದರ ಮೊದಲ ಇನ್ನೊಂದು ಅದ.”

“ನಾ ಅಂದಿಲ್ಲಂದ್ರ ಅಂದಿಲ್ಲ!” ಎಂದು ಕೂಗಿ ಹೊಳೆಪ್ಪ ಬಾಗಿಲಿಗೆ ಹೋದ, ಗಡಿಯಾರ ನೋಡಿದ, ಮರಳಿ ಬಂದ. ಮೂರೂಕಾಲು. ಸಿಟ್ಟು ಯಾರ ಮೇಲೆ ಅಂತ ಅವನಿಗೇ ತಿಳಿಯುತ್ತಿರಲಿಲ್ಲ.

ಚಹಾಕ್ಕೆ ಬಿಟ್ಟಾಗ ಸತ್ಯವ್ವ ಲೋಟ ಹಿಡಿದು ಹತ್ತಿರ ಬಂದಳು.

“ಅಣ್ಣಾರ, ಒಂದು ಮಾತ ಕೇಳ್ಲೇನ್ರಿ? ಸಿಟ್ಟಿಗೇಳಬ್ಯಾಡ್ರಿ.”

“ಕೇಳವಾ.”

“ಈಕಿ ಎದ್ದು ಹೊರಗ ಯಾಕ ಹೊಕ್ಕಾಳ್ರಿ?”

“ನಾಚಿಕಿ ಆಕ್ಕೈತಿ. ಮಂದಿ ನಗಾಕತ್ತಾರ. ನಮ್ಮವ್ವ ಹಂಗ ಎದ್ದು ಹೋದ್ಲು.”

“ನೀವು ನೋಡೀರೇನ್ರಿ ಹೋಗಿದ್ದು?”

ಹೊಳೆಪ್ಪ ತಡವರಿಸಿದ. “ಲೈಟ್ ಕಣ್ಣಿಗೆ ಹೊಡಿಯಾಕತ್ತಿರತಾವು. ಏನೂ ಕಾಣಂಗಿಲ್ಲ. ಆದ್ರ ಹೋಗಿರತಾಳ. ಟಿವಿಯೊಳಗ ನಾ ಕಾಲೆತ್ತಿದ್ರ ಸಾಕು, ಎದ್ದು ಒಳಗ ಹೋಗ್ತಿದ್ಲು.”

“ಟಿವಿ ಮುಂದಿಂದ ಯಾರರ ಎದ್ದು ಹೊಕ್ಕಾರ್ರಿ,” ಎಂದಳು ಸತ್ಯವ್ವ. “ನಾಟಕದಾಗ ಮಗಾ ಖರೇನ ನಿಂತಿರ್ತಾನ. ಎಂಥಾ ತಪ್ಪ ಮಾಡಾಕತ್ತಿದ್ರೂ ಬಿಟ್ಟು ಹೋಗಾಕ ಕಾಲ ಬರಂಗಿಲ್ಲ. ನಾ ಆಗಿದ್ರ ಕುಂದರತಿದ್ದೆ. ಪೂರಾ ನೋಡಿ, ಆಮ್ಯಾಗ ಬರತಿದ್ದೆ.”

ಅವಳು ಅಷ್ಟು ಹೇಳಿ ಚಹಾ ಮುಗಿಸಿ ಲೋಟ ತೊಳೆಯಲು ಹೋದಳು. ಹೊಳೆಪ್ಪ ಅಲ್ಲೇ ನಿಂತ. ಅಂದು ನಾಟಕ ಮುಗಿದ ಮೇಲೆ ಅವನು ಮುಖದ ಬಣ್ಣ ಒರೆಸಿಕೊಳ್ಳುತ್ತ ಟೆಂಟಿನ ಬಾಗಿಲಿಗೆ ಬಂದಿದ್ದ. ಮಂದಿ ಹೊರಬರುತ್ತಿದ್ದರು. ಎಲ್ಲರೂ ಹೋಗಿ, ಚಾಪೆ ಸುತ್ತುವವರು ಒಳಗೆ ಬಂದ ಮೇಲೆ, ಕಟ್ಟಕಡೆಗೆ ಅವ್ವ ಒಳಗಿನಿಂದ ಬಂದಳು. ಹೊರಗಿನಿಂದಲ್ಲ, ಒಳಗಿನಿಂದ. ಇದು ಅವನಿಗೆ ಯಾವತ್ತೂ ಮರೆತಿರಲಿಲ್ಲ. ಆ ನೆನಪಿನ ಪಕ್ಕಕ್ಕೆ ಹೋಗಿ ನಿಲ್ಲುವುದನ್ನು ಮಾತ್ರ ಮೂವತ್ತೊಂದು ವರ್ಷ ತಪ್ಪಿಸಿಕೊಂಡಿದ್ದ.

ಅವನು ಶ್ವೇತಾಳ ಹತ್ತಿರ ಹೋಗಿ ಕೈಚಾಚಿದ.

“ಕೊಡು ತಂಗಿ. ಕೇಳತೀನಿ.”

ಹೆಡ್‌ಫೋನು ಹಾಕಿಕೊಂಡ. ಒನ್ಸ್ ಮೋರ್ ಗದ್ದಲ ಕಿವಿ ತುಂಬಿತು. ಅದು ಸ್ವಲ್ಪ ಇಳಿದಾಗ, ನಾನಪ್ಪನ ಗಡಸು ದನಿಗಿಂತ ಅರೆಗಳಿಗೆ ಮುಂಚೆ, ಒಂದು ಪಿಸುಮಾತು.

ಒದಿ. ಒದಿ.

“ಇನ್ನೊಮ್ಮಿ ಹಚ್ಚು,” ಎಂದ. ಶ್ವೇತಾ ಹಚ್ಚಿದಳು. ಮತ್ತೆ ಕೇಳಿದ. ಈ ದನಿ ಅವನಿಗೆ ಗೊತ್ತು. ಅಂದು ಆ ದೀಪಗಳ ಕೆಳಗೆ ಕಾಲೆತ್ತುವ ಮುನ್ನ ಕಿವಿಯಲ್ಲಿ ಕೇಳಿದ್ದು ಇದೇ ದನಿ. ಇಷ್ಟು ವರ್ಷ ಅದನ್ನು ಗೋಪಪ್ಪನದೆಂದು ಹೇಳಿಕೊಂಡು ಬಂದಿದ್ದ. ಆದರೆ ಗೋಪಪ್ಪ ಎಲ್ಲಿ ಪಿಸುಗುಟ್ಟುತ್ತಿದ್ದ? ನಶ್ಯ ಏರಿಸಿ ಏರಿಸಿ ಅವನ ಗಂಟಲು ಬಿರುಕುಬಿಟ್ಟ ತಗಡಾಗಿತ್ತು, ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತಿತ್ತು. ಅದೂ ಅಲ್ಲದೆ ಇಂಟರ್‌ವಲ್ ಆದ ಮೇಲೆ ಅವನು ವಿಂಗಿನಲ್ಲಿ ನಿಂತವನೇ ಅಲ್ಲ. ಟಿಕೆಟಿಲ್ಲದೆ ನುಗ್ಗುವವರ ಜೊತೆ ಗೇಟಿನಲ್ಲಿ ಜಗಳಾಡುತ್ತಿರುತ್ತಿದ್ದ. ಆ ರಾತ್ರಿಯೂ ಗೇಟಿನ ಕಡೆಯಿಂದ ಅವನ ಕೂಗಾಟ ಕೇಳಿಬರುತ್ತಿತ್ತು.

ಪ್ರಾಂಪ್ಟ್ ಮಾಡಿದವನು ಹೊಳೆಪ್ಪನೇ. ಮಾಡಿಸಿಕೊಂಡವನೂ ಅವನೇ.

ಹೆಡ್‌ಫೋನು ತೆಗೆದುಕೊಟ್ಟಾಗ ಅವನ ಮುಖ ನೋಡಿ ಶ್ವೇತಾ ಗಾಬರಿಯಾದಳು. “ಸರ್, ಅದನ್ನ ಅಳಿಸಲಿಕ್ಕೆ ನೋಡಬಹುದ್ರಿ. ತ್ರಾಸ ಆಗತದ, ಆದ್ರ ನೋಡೋಣು.”

“ಬ್ಯಾಡ. ಇನ್ನೊಂದು ಟೇಕ್ ಮಾಡೋಣ.” ಅವನು ಸ್ಟೇಜಿನ ಹತ್ತಿರ ಹೋದ. “ನಾನಪ್ಪಾ, ಕೋಟ ಬಿಚ್ಚು.”

ನಾನಪ್ಪನ ಮುಖ ಸಣ್ಣದಾಯಿತು. ಹಳೇ ಕರಿಕೋಟಿನಲ್ಲಿ ತಾನು ಭಾಳ ಚಲೋ ಕಾಣುತ್ತೇನೆಂದು ಮೂರು ದಿನದಿಂದ ಗೇಟಿನವರಿಗೆಲ್ಲ ಫೋಟೊ ಕಳಿಸಿದ್ದ. “ನಾ ಏನರ ತಪ್ಪ ಮಾಡಿದ್ನೇನ್ರಿ?”

“ನೀ ಏನೂ ಮಾಡಿಲ್ಲಪಾ. ನಿನ್ನ ಮ್ಯಾಲ ನಾನ ತಪ್ಪ ಹೊರಿಸಿದ್ದೆ. ಹೋಗಿ ಚಾಪಿ ಮ್ಯಾಲ ಕುಂದರು. ವಿಂಗ್‌ನ್ಯಾಗ ಯಾರೂ ಇರೂದು ಬ್ಯಾಡ.”

ಮುತ್ತುವಿಗೆ ತಲೆಬುಡ ತಿಳಿಯಲಿಲ್ಲ. “ಮತ್ತ ನನಗ ಒದಿ ಅಂತ ಯಾರ ಹೇಳ್ತಾರ್ರಿ ಮಾಮಾ?”

“ಯಾರೂ ಹೇಳಂಗಿಲ್ಲ. ಆ ಕಡೆ ನೋಡು. ಯಾರೂ ಇರಂಗಿಲ್ಲ. ಆದ್ರೂ ಒದಿ.”

“ಯಾಕ್ರಿ?”

ಇಡೀ ಹಾಲು ಕೇಳುತ್ತಿತ್ತು. ಹೊಳೆಪ್ಪನ ಹಿಮ್ಮಡಿ ನೆಲ ಬಡಿಯುತ್ತಿತ್ತು. ಎಷ್ಟೋ ಖಳನಾಯಕರ ಮಾತನ್ನು ನಿರ್ಭಿಡೆಯಿಂದ ಆಡಿದ ಬಾಯಿಗೆ ಈ ಒಂದು ಮಾತು ಏರಿಬರಲು ಹೊತ್ತು ಹಿಡಿಯಿತು.

“ಮಂದಿ ಚಪ್ಪಾಳಿ ಹೊಡಿಯಾಕತ್ತಾರಲ್ಲ, ಅದಕ್ಕ,” ಎಂದ. “ಅವಂಗ ಅದು ಭಾಳ ಚಲೋ ಅನಿಸೈತಿ. ಅಷ್ಟ.”

ಸತ್ಯವ್ವ ಸೆರಗು ಸರಿಮಾಡಿಕೊಂಡು ಚಾಪೆಯಿಂದಲೇ ಕೇಳಿದಳು. “ಮತ್ತ ನಾ ಏನ್ ಮಾಡ್ಲ್ರಿ? ಎದ್ದು ಹೋಗ್ಲೋ, ಇರ್ಲೋ?”

“ನಿನಗ ಹೆಂಗ ತಿಳಿತೈತಿ ಹಂಗ ಮಾಡವಾ.”

“ನೀವೆಲ್ಲಿ ನಿಂದರತೀರಿ ಸರ್?” ಎಂದು ಶ್ವೇತಾ ಹುಷಾರಾಗಿ ಕೇಳಿದಳು.

“ಹೊರಗ.”

ಸೋಮುವಿಗೆ ‘ಆಕ್ಷನ್’ ಹೇಳುವ ಕೆಲಸ ಒಪ್ಪಿಸಿ ಹೊಳೆಪ್ಪ ಬಾಗಿಲು ಎಳೆದುಕೊಂಡು ಹೊರಬಂದ. ನಾಲ್ಕೂಕಾಲಿನ ಬಿಸಿಲು ಕಣ್ಣು ಕುಕ್ಕಿತು. ಸ್ಕೂಟರುಗಳ ಸಾಲಿನ ಉದ್ದಕ್ಕೂ ಅತ್ತ ನಡೆದ, ಇತ್ತ ನಡೆದ. ಹೌಸಿಗೆ ಮೇಜು ಹೊತ್ತು ತಂದವರು ಅವನನ್ನು ವಿಚಿತ್ರವಾಗಿ ನೋಡಿದರು. ತನ್ನ ಸಿನಿಮಾದ ತನ್ನದೇ ಸೀನು ಒಳಗೆ ನಡೆಯುತ್ತಿದ್ದರೆ ನಿರ್ದೇಶಕ ಗೋಡೆಯ ಹೊರಗೆ ಕಳ್ಳನಂತೆ ಕಿವಿಗೊಟ್ಟು ನಿಂತಿದ್ದ.

ಮೊದಲ ಒದೆಯ ಧಡ್ ಕೇಳಿತು. ಆಮೇಲೆ ಸತ್ಯವ್ವನ ಕೂಗು. “ಏ ಹೊಳ್ಯಾ! ಬಿಡೋ ಆಕಿನ್ನ!” ಬೆಳಗಿನಿಂದ ಐದು ಸಲ ಕೇಳಿದ ಮಾತೇ. ಆದರೆ ಗೋಡೆಯಾಚೆಯಿಂದ, ಮುಖ ಕಾಣದೆ ಕೇಳಿದಾಗ ಅದು ಅವ್ವನದೇ ದನಿ ಅನ್ನಿಸಿತು. ನಗು ಎದ್ದಿತು. ಸಿಳ್ಳೆ. ಒನ್ಸ್ ಮೋರ್, ಒನ್ಸ್ ಮೋರ್. ಈ ಹೊತ್ತಿಗೆ ಸತ್ಯವ್ವ ಎದ್ದು ಬಾಗಿಲ ಕಡೆಗೆ ಬರಬೇಕು. ಹೊಳೆಪ್ಪ ಬಾಗಿಲನ್ನೇ ನೋಡಿದ. ಬಾಗಿಲು ತೆರೆಯಲಿಲ್ಲ. ಒಳಗೆ ಕೂಗು ಏರುತ್ತಲೇ ಹೋಯಿತು. ಈಗ ಮುತ್ತು ವಿಂಗಿನ ಕಡೆ ನೋಡುತ್ತಿರಬೇಕು. ಅಲ್ಲಿ ಯಾರೂ ಇಲ್ಲ. ಹೊಳೆಪ್ಪ ಕೈಯಿಂದ ಬಾಯಿ ಮುಚ್ಚಿಕೊಂಡ. ಬೇಕಿರಲಿಲ್ಲ, ತುಟಿ ಅಲ್ಲಾಡುತ್ತಿರಲಿಲ್ಲ.

ಬ್ಯಾಡೋ, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಹಾಗೆ ಬೇಡಿಕೊಳ್ಳುವುದು ಮೂರ್ಖತನ ಎಂದೂ ಗೊತ್ತಿತ್ತು. ಒದೆಯಲೇಬೇಕು. ಅಂದು ಆದದ್ದು ಅದೇ.

ಧಡ್.

ಚಪ್ಪಾಳೆ ಹೊಡೆಯಬೇಕಾದ ನಲವತ್ತು ಜನರಲ್ಲಿ ಒಬ್ಬನೂ ಹೊಡೆಯಲಿಲ್ಲ. ತುಂಬಾ ಹೊತ್ತಿನ ಮೇಲೆ ಸೋಮುವಿನ ‘ಕಟ್’ ಕೇಳಿತು.

ಹೊಳೆಪ್ಪ ಒಳಗೆ ಬಂದ. ಮುತ್ತು ಸ್ಟೇಜಿನ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಜಯಶ್ರೀ ಅವನ ಭುಜದ ಮೇಲೆ ಕೈಯಿಟ್ಟು, “ನನಗೇನೂ ಆಗಿಲ್ಲೋ ಮಾರಾಯಾ,” ಎನ್ನುತ್ತಿದ್ದಳು. ಸತ್ಯವ್ವ ಮುಂದಿನ ಚಾಪೆಯಲ್ಲಿ, ಬೆಳಗಿನಿಂದ ಕೂತ ಜಾಗದಲ್ಲೇ ಇದ್ದಳು.

“ಹೋಗಲಿಲ್ಲೇನು?” ಎಂದ ಹೊಳೆಪ್ಪ.

“ಎಲ್ಲಿ ಹೋಗ್ಲ್ರೀ?”

“ಎರಡನೇದ್ದೂ ನೋಡಿದೇನು?”

“ನೋಡಿದ್ನಿ,” ಎಂದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ, ಮುಚ್ಚಿಡಲೂ ಇಲ್ಲ. “ಪೂರಾ ನೋಡಿದ್ನಿ. ಅಂವಾ ಈ ಕಡೆ ನೋಡತಾನೇನು ಅಂತ ಕುಂತಿದ್ನಿ. ನೋಡಲಿಲ್ಲ.”

ಹೌದು, ಅಂದು ಹೊಳೆಪ್ಪನೂ ವಿಂಗಿನ ಕಡೆ ನೋಡಿದ್ದ. ಚಾಪೆಯ ಕಡೆ ನೋಡಿರಲಿಲ್ಲ. ಲೈಟಿನ ಮಾತೆಲ್ಲ ಸುಳ್ಳು, ಮುಂದಿನ ಸಾಲು ಚೆನ್ನಾಗಿ ಕಾಣುತ್ತಿತ್ತು. ಅವನು ಸತ್ಯವ್ವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತುಬಿಟ್ಟ. ಹತ್ತೊಂಬತ್ತು ದಿನಗಳಲ್ಲಿ ಮೊದಲ ಸಲ ನಿರ್ದೇಶಕರು ಕೂತದ್ದನ್ನು ಕಂಡು ಚಹಾದವನು ಕಿಟ್ಲಿ ಹಿಡಿದು ಹಾಗೇ ನಿಂತ.

“ಸರ್, ಕ್ಲೀನ್ ಬಂದದ್ರಿ,” ಎಂದಳು ಶ್ವೇತಾ, ಮೆಲ್ಲಗೆ. “ನಿಮ್ಮ ಧ್ವನಿ ಎಲ್ಲೂ ಇಲ್ಲ. ಇನ್ನೂ ಅರ್ಧಾ ತಾಸ ಅದ. ಬೇಕಂದ್ರ ಇನ್ನೊಂದು ತಗೋಬಹುದು, ಕೈಯಾಗ ಇರಲಿ ಅಂತ.”

ಹಿಂದಿನ ಸಾಲಿನಲ್ಲಿ ಒಬ್ಬ ತಮಾಷೆಗೆ “ಒನ್ಸ್ ಮೋರ್!” ಎಂದು ಕೂಗಿದ. ಇಬ್ಬರು ಕೈತಟ್ಟಿದರು. ಇನ್ನೂ ನಾಲ್ವರು ಸೇರಿದರು. ಸ್ಟೇಜಿನ ಮೇಲಿದ್ದ ಮುತ್ತು ತಲೆಯೆತ್ತಿ ಹೊಳೆಪ್ಪನನ್ನು ನೋಡಿದ, ಒದೆಯಬೇಕೋ ಬೇಡವೋ ಎಂದು ಕೇಳುವವನ ಹಾಗೆ.

ಹೊಳೆಪ್ಪ ಮುತ್ತುವನ್ನು ನೋಡಲಿಲ್ಲ. ಪಕ್ಕಕ್ಕೆ ತಿರುಗಿ ಸತ್ಯವ್ವನ ಮುಖ ನೋಡಿದ. ಆಮೇಲೆ ಹಿಂದಿನ ಸಾಲಿಗೂ ಕೇಳುವಂಥ ಕಂಪನಿ ನಾಟಕದ ದೊಡ್ಡ ದನಿಯಲ್ಲಿ ಹೇಳಿದ.

“ಇಲ್ರೀ. ನಮ್ಮವ್ವ ಕುಂತಾಳ.”